ಹನ್ನೆರಡನೆಯ ಕುರ್ಚಿ

ಪವಿತ್ರ ಗುರುವಾರದ ಸಂಜೆ ಫಾದರ್ ಮಂಡಿಯೂರಿ ಹನ್ನೆರಡು ಜನರ ಪಾದ ತೊಳೆಯುತ್ತಾರೆ, ಯೇಸು ತನ್ನ ಶಿಷ್ಯರ ಪಾದ ತೊಳೆದ ಹಾಗೆ. ಅದಕ್ಕೇ ಎಲ್ಲರೂ ಮನೆಯಲ್ಲೇ ಸೋಪು ಹಚ್ಚಿ ಕಾಲುಜ್ಜಿಕೊಂಡು ಬರುತ್ತಾರೆ. ಒಬ್ಬರಂತೂ ಪಾದಕ್ಕೆ ಪೌಡರನ್ನೂ ಹಾಕಿದ್ದರು. ಹನ್ನೆರಡನೆಯವನಾದ ಚೌರಪ್ಪ ಮಾತ್ರ ಇಟ್ಟಿಗೆ ಗೂಡಿನ ಕೆಲಸದಿಂದ ನೇರವಾಗಿ ಬಂದಿದ್ದ. ಮೊಣಕಾಲವರೆಗೂ ಕೆಸರು.

ಚರ್ಚಿನ ಉಪದೇಶಿ ಇನ್ನಾಸಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು.

"ಏನಯ್ಯಾ ಇದು ಅವತಾರ? ಈ ಕಾಲನ್ನ ಫಾದರ್ ಮುಂದೆ ಚಾಚ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

"ಮೇಸ್ತ್ರಿ ಈಗ ಬಿಟ್ಟ ಉಪದೇಶಿಗಳೇ. ಹೆಂಗೂ ಇಲ್ಲಿ ತೊಳೀತಾರಲ್ಲ ಅಂತ ಬಂದ್ಬಿಟ್ಟೆ."

"ಹೆಂಗೂ ತೊಳೀತಾರಾ! ಫಾದರ್ ಏನು ನಿನ್ನ ಮನೆ ಆಳಾ? ನಡಿ ನಲ್ಲಿ ಹತ್ರ!"

ರಟ್ಟೆ ಹಿಡಿದು ಎಳೆದೊಯ್ದರು. ಚೌರಪ್ಪ ಕಾಲಿಗೆ ಒಂದಿಷ್ಟು ನೀರು ಸೋಕಿಸಿಕೊಂಡ.

"ಹಿಂಗೆ ತೊಳೆದ್ರೆ ಬೆಳಗಾಗುತ್ತೆ. ಕೊಡು ಇಲ್ಲಿ ಕಾಲು!"

ಬಯ್ಯುತ್ತಲೇ ಉಪದೇಶಿಗಳು ಅವನ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆರಳಸಂದಿಯ ಜೇಡಿಮಣ್ಣು, ಹಿಮ್ಮಡಿಯ ಬಿರುಕು, ಎಲ್ಲವನ್ನೂ ಸಿಟ್ಟಿನಿಂದ ತಿಕ್ಕಿದರು. ಒರೆಸಲು ಬೇರೇನೂ ಸಿಗದೆ ತಮ್ಮ ಹೆಗಲ ಮೇಲಿನ ಹೊಸ ಟವಲಿನಲ್ಲೇ ಒರೆಸಿ, ಅವನನ್ನು ಕೊನೆಯ ಕುರ್ಚಿಯಲ್ಲಿ ಕುಕ್ಕಿ ಕೂರಿಸಿದರು.

ಪೂಜೆಯ ನಡುವೆ ಫಾದರ್ ಹನ್ನೊಂದು ಜನರ ಪಾದ ತೊಳೆದು, ಬೋಗುಣಿ ಹಿಡಿದು ಚೌರಪ್ಪನ ಮುಂದೆ ಮಂಡಿಯೂರಿದರು. ಅವನು ಕಾಲು ಹಿಂದಕ್ಕೆಳೆದುಕೊಂಡ.

"ನಂದು ಉಪದೇಶಿಗಳು ಆಗ್ಲೇ ತೊಳೆದ್ರು ಫಾದರ್. ಪಾಪ, ಅವ್ರ ಕಾಲೆಲ್ಲ ಕೆಸರಾಗಿದೆ, ಅವ್ರದ್ದು ತೊಳೀರಿ."