ಬಿರುಕಿನ ಮೇಲಿನ ಗಾಜು

ವಾಚನಾಲಯದ ಗೋಡೆಯ ಬಿರುಕಿಗೆ ಅಡ್ಡಲಾಗಿ ಸಿಮೆಂಟಿನಲ್ಲಿ ಕೂರಿಸಿದ್ದ ಗಾಜಿನ ಪಟ್ಟಿ ಎರಡು ತುಂಡಾಗಿತ್ತು. ಗಾಜು ಒಡೆದರೆ ಗೋಡೆ ಸರಿಯುತ್ತಿದೆಯೆಂದರ್ಥ. ಗೋಡೆ ಸರಿದರೆ ಕಟ್ಟಡಕ್ಕೆ ಬೀಗ. ನಗರಸಭೆಯ ಎಂಜಿನಿಯರ್ ಆಗಲೇ ಪೆನ್ನು ತೆರೆದಿದ್ದರು. ಮೂರು ತಲೆಮಾರಿನಿಂದ ವಾಚನಾಲಯವನ್ನು ತಾವೇ ನಡೆಸಿಕೊಂಡು ಬಂದಿದ್ದ ಬೀದಿಯವರು ಬಾಗಿಲಲ್ಲಿ ಗುಂಪುಗೂಡಿ ನಿಂತಿದ್ದರು.

"ಒಂದು ನಿಮಿಷ ಸಾರ್," ಎಂದಳು ಗಾಜು ಕೂರಿಸಿದ್ದ ಗ್ರಂಥಪಾಲಕಿ. ಗೋಡೆ ಸರಿದಿದ್ದರೆ ತುಂಡುಗಳ ನಡುವೆ ಸಂದು ಬಿಡಬೇಕಿತ್ತು. ಆಕೆ ತೆಳುಕಾಗದವನ್ನು ತೂರಿಸಲು ನೋಡಿದಳು. ಅದು ಎಲ್ಲಿಯೂ ಒಳಹೋಗಲಿಲ್ಲ. ಹಾಗಾದರೆ ಗಾಜು ಒಡೆದದ್ದು ಹೇಗೆ? ದೀಪವನ್ನು ಹತ್ತಿರ ಹಿಡಿದಾಗ ಗಾಜಿನ ತುಂಬ ಹೆಬ್ಬೆರಳಿನ ಗುರುತುಗಳು ಕಂಡವು, ಒಂದರ ಮೇಲೊಂದು. ಆಕೆ ತಿರುಗಿದಳು. ಬಾಗಿಲಲ್ಲಿದ್ದ ದರ್ಜಿ ತಾತ ಕೈಯನ್ನು ಮೆಲ್ಲನೆ ಬೆನ್ನ ಹಿಂದೆ ಸರಿಸಿದರು.

"ಗಟ್ಟಿಯಾಗಿ ಅಂಟಿದೆಯಾ ಅಂತ ದಿನಾ ಒಂದ್ಸಲ ಒತ್ತಿ ನೋಡ್ತಿದ್ದೆ ಕಣಮ್ಮ. ಇವತ್ತು ಬೆಳಿಗ್ಗೆ ಟಪ್ ಅಂತು."

"ನೀವೊಬ್ರೇ ಅಲ್ಲ ಬಿಡಿ ತಾತ," ಎಂದಳು ಬೇಕರಿಯಾಕೆ. "ನಾನೂ ಅಂಗಡಿ ತೆಗೆಯೋ ಮುಂಚೆ ಒತ್ತಿಯೇ ಹೋಗೋದು."

ಎಂಜಿನಿಯರ್ ಪೆನ್ನಿಗೆ ಮುಚ್ಚಳ ಹಾಕಿದರು. "ಇನ್ನೊಂದು ತಿಂಗಳು ನೋಡೋಣ. ಹೊಸ ಗಾಜನ್ನ ಯಾರ ಕೈಗೂ ಎಟುಕದ ಹಾಗೆ ಮೇಲೆ ಹಾಕಿ."

ದರ್ಜಿ ತಾತ ಕತ್ತೆತ್ತಿ ಗೋಡೆಯ ಎತ್ತರವನ್ನು ಕಣ್ಣಲ್ಲೇ ಅಳೆದರು. "ಅಷ್ಟು ಮೇಲಾದ್ರೆ ನಾವು ದಿನಾ ಬಂದು ಗೋಡೆಯ ಕ್ಷೇಮ ವಿಚಾರಿಸೋದು ಹೇಗೆ ಸಾರ್?"