ಮಣ್ಣಿಗೆ ಬಂದ ಮಾರ್ಕ್ಸು

ಪಿಳ್ಳಮ್ಮನ ಹೊಲದ ಮಣ್ಣು ಪರೀಕ್ಷೆಯಲ್ಲಿ ಪಾಸಾಗಿತ್ತು. ಅಂತಿಂಥ ಪಾಸಲ್ಲ. ರೈತ ಸಂಪರ್ಕ ಕೇಂದ್ರದ ಲಾವಣ್ಯ ತಂದುಕೊಟ್ಟ ಕಾರ್ಡಿನಲ್ಲಿ ಜಿಂಕ್, ಕಬ್ಬಿಣ, ಬೋರಾನ್ ಎಲ್ಲದರ ಮುಂದೆಯೂ ‘ಸಾಕಷ್ಟಿದೆ’ ಎಂದು ಬರೆದಿತ್ತು. ಇಡೀ ವರ್ತೂರಿನಲ್ಲಿ ಇನ್ಯಾರ ಮಣ್ಣಿಗೂ ಈ ಭಾಗ್ಯ ಬಂದಿರಲಿಲ್ಲ. ಪಿಳ್ಳಮ್ಮ ಕಾರ್ಡು ಹಿಡಿದುಕೊಂಡು ಪಕ್ಕದ ಮನೆ ವೆಂಕಟಮ್ಮನ ಬಾಗಿಲ ಮುಂದೆ ಎರಡು ಸಲ ಸುಮ್ಮನೆ ಓಡಾಡಿ ಬಂದು ಲಾವಣ್ಯಳನ್ನು ಕೇಳಿದಳು.

“ಸರಿ, ಈಗ ನಂಗೂ ಜಿಂಕ್ ಗೊಬ್ಬರ ಕೊಡ್ಸವ್ವ. ಜೋಳದ ಗರಿಯೆಲ್ಲ ಬೆಳ್ಳಗಾಯ್ತಾ ಐತೆ. ಇಂಗೇ ಬಿಟ್ರೆ ತೆನೆ ಕಟ್ಟಾಕಿಲ್ಲ.”

“ನಿಮಗೆ ಬರಲ್ಲಮ್ಮ. ಜಿಂಕ್ ಕಮ್ಮಿ ಇರೋರಿಗೆ ಮಾತ್ರ ಕೊಡೋದು. ನಿಮ್ದು ಫಸ್ಟ್ ಕ್ಲಾಸ್!”

ಪಿಳ್ಳಮ್ಮನ ಮುಖ ಸಪ್ಪಗಾಯಿತು. ಲಾವಣ್ಯಳ ಕೈ ಹಿಡಿದು ಹೊಲಕ್ಕೇ ಎಳೆದುಕೊಂಡು ಹೋದಳು. ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡ ಹತ್ತು ಗುಂಟೆ. ಜೋಳ ನಿಜಕ್ಕೂ ಬಿಳಿಚಿಕೊಂಡಿತ್ತು. ಲಾವಣ್ಯ ಒಂದು ಹಿಡಿ ಮಣ್ಣೆತ್ತಿ ನೋಡಿದರೆ ಅರ್ಧ ಸಿಮೆಂಟು, ಅರ್ಧ ಜಲ್ಲಿ.

“ಬಿಲ್ಡಿಂಗ್ ಕಟ್ಟುವಾಗ ಎಲ್ಲಾ ಇಲ್ಲೇ ಸುರಿದಿದಾರೆ. ಸುಣ್ಣದ ಅಂಶ ಜಾಸ್ತಿ ಆದ್ರೆ, ಮಣ್ಣಲ್ಲಿ ಜಿಂಕ್ ಇದ್ರೂ ಬೇರಿಗೆ ಸಿಗಲ್ಲ.”

“ಬೀರುನಾಗೆ ಸೀರೆ ಐತೆ, ಬೀಗದ ಕೈ ಅತ್ತೆ ಸೊಂಟದಾಗೈತೆ ಅನ್ನು.”

“ಅದೇ! ಹಾಗಿದ್ರೆ ಪರೀಕ್ಷೇಲೂ ಕಮ್ಮಿ ಅಂತಾನೇ ಬರಬೇಕಿತ್ತು. ನೀವು ಕೊಟ್ಟಿದ್ದು ಈ ಮಣ್ಣಲ್ಲ. ಅದನ್ನೆಲ್ಲಿಂದ ತಂದ್ರಿ?”

ಪಿಳ್ಳಮ್ಮ ಸೆರಗು ಸರಿಮಾಡಿಕೊಂಡಳು. ಬದುವಿನ ಮೇಲೆ ಕೂತಿದ್ದ ಗಂಡ ಹನುಮಯ್ಯನೇ ಬಾಯಿಬಿಟ್ಟ. “ಯೋಳೇ, ತುಳಸಿಕಟ್ಟೆ ಬಗೆದು ಕೊಟ್ಟೆ ಅಂತ. ವರ್ಸಾನ್‌ಗಟ್ಲೆ ಸಗಣಿ ನೀರು ಕುಡಿದಿರೋ ಮಣ್ಣು, ಅದೆಂಗೆ ಫೇಲಾಯ್ತದೆ?”

“ನೀನ್ ಸುಮ್ಕಿರು! ಸರ್ಕಾರದೋರು ಬಾಗ್ಲಿಗೆ ಬಂದು ಕೇಳ್ದಾಗ ಈ ಸಿಮೆಂಟ್ ಪುಡಿ ಕೊಡಕ್ಕಾಯ್ತದಾ? ಮಾನ ಬ್ಯಾಡ್ವಾ?”

ಲಾವಣ್ಯ ನಕ್ಕು ಹೊಸ ಚೀಲ ತೆಗೆದಳು. ಹೊಲದ ನಾಲ್ಕು ಮೂಲೆಯಲ್ಲೂ ನಡುವಿನಲ್ಲೂ ಗೇಣುದ್ದ ಅಗೆದು ಮಣ್ಣು ತುಂಬಿಕೊಂಡಳು. “ಇವತ್ತೇ ಕಳಿಸ್ತೀನಿ. ಈ ಸಲ ಫೇಲಾದ್ರೆ ನಿಮಗೂ ಜಿಂಕ್ ಬರುತ್ತೆ.” ಜೋಳ ಉಳಿಯುತ್ತದೆಂದು ಸಮಾಧಾನವಾದರೂ ತನ್ನ ಮಣ್ಣು ಫೇಲಾಗಲೆಂದು ಬೇಡಿಕೊಳ್ಳಬೇಕಲ್ಲ ಎಂದು ಪಿಳ್ಳಮ್ಮನಿಗೆ ಸಂಕಟವಾಯಿತು.

“ಅಂದಹಾಗೆ, ಆ ತುಳಸಿಕಟ್ಟೆಗೆ ಅಷ್ಟು ಒಳ್ಳೆ ಮಣ್ಣು ಎಲ್ಲಿ ಸಿಕ್ತು?”

ಪಿಳ್ಳಮ್ಮ ಕಾಂಪೌಂಡಿನಾಚೆಗಿದ್ದ ಹನ್ನೆರಡು ಅಂತಸ್ತಿನ ಕಟ್ಟಡದ ಕಡೆ ಕೈ ತೋರಿಸಿದಳು. “ಅಲ್ಲೇ, ನಮ್ಮ ದೊಡ್ಡೊಲ ಇದ್ದಿದ್ದು. ಮಾರಿದ್ ದಿನ ಒಂದು ಮಂಕರಿ ಹೊತ್ಕೊಂಡು ಬಂದಿದ್ದೆ.”

ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಕಾರ್ಡನ್ನು ತೆಗೆದು ಲಾವಣ್ಯಳ ಕೈಗಿಟ್ಟಳು.

“ಇದ್ನ ಅವ್ರಿಗೇ ಕೊಟ್ಬುಡವ್ವ. ಬೇಸ್‌ಮೆಂಟ್ನಾಗೆ ಕಾರು ಸಾಲಾಗಿ ನೆಟ್ಟವ್ರೆ. ಚೆನ್ನಾಗ್ ಬೆಳೀಲಿ.”