ಕೊನೆಯ ಪುಟದ ನಿದ್ದೆ

"ನನ್ನ ಕೊನೇ ಸಾಲು ಎಲ್ಲಿ ಹೋಯ್ತು?"

ಕಾದಂಬರಿಕಾರ ಬಾಗಿಲಲ್ಲೇ ನಿಂತು ಕೂಗಿದ. ಕೈಯಲ್ಲಿದ್ದ ಅಚ್ಚಿನ ಕರಡನ್ನು ಮುಂದಕ್ಕೆ ಚಾಚಿದ. "ಹನ್ನೊಂದು ವರ್ಷ ಬರೆದಿದ್ದೀನಿ ಕಣ್ರೀ ಈ ಪುಸ್ತಕ! ತೋಳಗಳ ನಡುವೆ ಬೆಳೆದ ಮಗು ಕೊನೆಗೂ ಮನುಷ್ಯರ ಮನೆ ಸೇರುತ್ತೆ. ಅಲ್ಲಿಗೆ ಬಂದು ನಿಮ್ಮ ಕೆಂಪು ಪೆನ್ನು ಅದರ ಕುತ್ತಿಗೆ ಕೊಯ್ದುಬಿಟ್ಟಿದೆಯಲ್ಲ!"

ಮುದ್ರಣಾಲಯದ ಆ ಇಕ್ಕಟ್ಟು ಕೋಣೆಯಲ್ಲಿ ಇದ್ದವರು ಇಬ್ಬರು ಹೆಂಗಸರು. ಒಬ್ಬಳು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವವಳು, ಅಲ್ಪವಿರಾಮ ಪೂರ್ಣವಿರಾಮ ಒಂದನ್ನೂ ಬಿಡದೆ. ಇನ್ನೊಬ್ಬಳು, ವಯಸ್ಸಿನಲ್ಲಿ ಹಿರಿಯಳು, ಅದನ್ನು ಕೇಳುತ್ತ ಕರಡು ತಿದ್ದುವವಳು. ಕಿವಿಗೆ ಬೀಳದ್ದು ಕರಡಿನಲ್ಲಿ ಕಂಡರೆ ಅಡ್ಡಗೆರೆ ಎಳೆಯುವುದೇ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು. ಓದುವವಳ ಬಾಯಿಯ ಮೇಲೆ ಹಿರಿಯಳಿಗೆ ತನ್ನ ಕಣ್ಣಿಗಿಂತ ಹೆಚ್ಚು ನಂಬಿಕೆ.

ಹಿರಿಯಳು ಗಡಬಡಿಸಿ ಹಸ್ತಪ್ರತಿಯ ಕೊನೆಯ ಹಾಳೆ ತೆಗೆದಳು. ಸಾಲು ಇತ್ತು. 'ಅಂದು ಮೆತ್ತನೆಯ ಹಾಸಿಗೆಯ ಮೇಲೆ, ಜೀವಮಾನದಲ್ಲೇ ಮೊದಲ ಸಲ, ಮಗು ನೆಮ್ಮದಿಯಾಗಿ ನಿದ್ದೆಹೋಯಿತು.'

"ಅಯ್ಯೋ, ಇದನ್ನ ನೀನು ಓದ್ಲೇ ಇಲ್ವಲ್ಲೇ!" ಎಂದವಳು, ಕಾದಂಬರಿಕಾರನ ಮುಖ ನೋಡಿ ತಕ್ಷಣ ಮಾತು ತಿರುಗಿಸಿದಳು. "ಬೆಳಗ್ಗೆಯಿಂದ ಇವಳಿಗೆ ವಿಪರೀತ ತಲೆನೋವು ಸಾರ್. ಕಣ್ತಪ್ಪಿ ಹೋಗಿದೆ. ಈಗಲೇ ಸೇರಿಸ್ತೀನಿ, ಮಾಲೀಕರ ತನಕ ಒಯ್ಯಬೇಡಿ. ಇವಳ ಕೆಲಸಕ್ಕೇ ಸಂಚಕಾರ ಬರತ್ತೆ."

ಓದುವವಳು ಎಂದಿನಂತೆ ಕುರ್ಚಿಯ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳು ಆ ಕುರ್ಚಿಗೆ ಒಮ್ಮೆಯೂ ಬೆನ್ನು ಕೊಟ್ಟವಳಲ್ಲ. ಅರ್ಧ ಪುಟ ಕೂತು ಓದಿದರೆ ಇನ್ನರ್ಧ ಅಡ್ಡಾಡುತ್ತ ಓದಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀಯ ಎಂದು ಹಿರಿಯಳು ದಿನವೂ ರೇಗಿಸುತ್ತಿದ್ದಳು. ಈಗ ಆ ಕಾಲು ನಿಂತಿತು. ತಲೆನೋವು ಎಂದು ಒಪ್ಪಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವಳ ಕೈಲಿ ಆಗಲಿಲ್ಲ.

"ತಲೆನೋವೂ ಇಲ್ಲ, ಮಣ್ಣೂ ಇಲ್ಲ. ಬೇಕಂತಲೇ ಬಿಟ್ಟೆ ಸಾರ್. ಅದು ಸುಳ್ಳು."

"ಸುಳ್ಳಾ? ತೋಳಗಳ ಬಗ್ಗೆ ನಿಮಗೇನ್ರೀ ಗೊತ್ತು?"

"ತೋಳದ್ದು ಗೊತ್ತಿಲ್ಲ. ಆಡಿನದ್ದು ಗೊತ್ತು." ಅವಳು ಎದ್ದು ಕಿಟಕಿಯ ತನಕ ಹೋಗಿ ವಾಪಸು ಬಂದು ಕೂತಳು. "ನನ್ನ ಹೆತ್ತು ಅಮ್ಮ ತೀರ್ಕೊಂಡ್ಲು. ಅಪ್ಪನಿಗೆ ನನ್ನ ಮುಖ ಕಂಡ್ರೆ ಆಗ್ತಿರಲಿಲ್ಲ, ಆಡಿನ ದೊಡ್ಡೀಲಿ ತಂದು ಹಾಕ್ದ. ಆರು ವರ್ಷ ಅಲ್ಲೇ. ಹಾಲೂ ಅವುಗಳದ್ದೇ, ಬಿಸೀನೂ ಅವುಗಳದ್ದೇ. ಆಮೇಲೆ ದೊಡ್ಡಮ್ಮ ಬಂದು ಕರ್ಕೊಂಡು ಹೋದ್ಲು. ಬಂಗಾರದಂಥ ಹೆಂಗಸು ಸಾರ್. ಮೀಯಿಸಿ, ಉಣಿಸಿ, ನಿಮ್ಮ ಪುಸ್ತಕದಲ್ಲಿ ಇದೆಯಲ್ಲ, ಹಾಗೇ ಮೆತ್ತನೆ ಹಾಸಿಗೇಲಿ ಮಲಗಿಸಿದ್ಲು."

"ಮತ್ತೆ?"

"ಬೆನ್ನಿಗೆ ಯಾರೂ ಇಲ್ಲ. ಕತ್ತಿನ ಮೇಲೆ ಯಾರ ಉಸಿರೂ ಬೀಳ್ತಿಲ್ಲ. ಎಲ್ರೂ ಸತ್ತೋಗಿದ್ದಾರೆ ಅಂದ್ಕೊಂಡೆ. ಎದ್ದು ಮನೆಯೆಲ್ಲಾ ತಡಕಾಡ್ದೆ. ದೊಡ್ಡಮ್ಮ ನಾಲ್ಕು ಸಲ ಎತ್ಕೊಂಡು ಬಂದು ಮಲಗಿಸಿದ್ಲು, ನಾನು ಐದನೇ ಸಲ ಎದ್ದೆ."

ಹಿರಿಯಳು ಪೆನ್ನು ಕೆಳಗಿಟ್ಟಳು. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದ್ದಾರೆ, ಇವಳು ಒಂದು ದಿನ ಬಾಯಿಬಿಟ್ಟಿದ್ದರೆ ಕೇಳಿ. ಮಾಡಿದ ತಮಾಷೆಗಳೆಲ್ಲ ನೆನಪಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಕಾದಂಬರಿಕಾರ ಕುರ್ಚಿ ಎಳೆದು ಕೂತ. ಹನ್ನೊಂದು ವರ್ಷ ಪುಸ್ತಕಾಲಯಗಳಲ್ಲಿ ಕೂತು ಏನೇನೋ ಓದಿದ್ದ. ಉಸಿರಿನ ವಿಷಯ ಅವನಿಗೆ ಎಲ್ಲೂ ಸಿಕ್ಕಿರಲಿಲ್ಲ. ಕೆಳಗೆ ಯಂತ್ರದವನು ಹಾಳೆ ಏರಿಸಿಕೊಂಡು ಕಾಯುತ್ತಿದ್ದ; ಎರಡು ಸಲ ಗಂಟೆ ಬಾರಿಸಿಯೂ ಆಗಿತ್ತು.

"ತಪ್ಪು ನನ್ನದೇ," ಎಂದ ಅವನು, ಈಗ ಧ್ವನಿ ಇಳಿದಿತ್ತು. "ತಿದ್ದೋಣ. ಮೊದಲ ದಿನವೇ ಬೇಡ. ಆದರೆ ಓದುಗರ ಹೊಟ್ಟೆಯೂ ಸ್ವಲ್ಪ ತಣ್ಣಗಾಗಬೇಕಲ್ಲಮ್ಮ? ಎಂದಾದರೂ ಆ ಮಗುವಿಗೆ ನಿದ್ದೆ ಬಂದೇ ಬಂದಿರುತ್ತೆ. ನೀವು ಹೇಳಿದ ಹಾಗೇ ಬರೀತೀನಿ." ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದ. "ವಾರಕ್ಕೆ ಬಂತಾ? ತಿಂಗಳಿಗಾ?"

ಓದುವವಳು ಕೆನ್ನೆಗೆ ಇಳಿದಿದ್ದ ನರೆಗೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು. ಅವಳ ಕಾಲು ಮತ್ತೆ ಅಲ್ಲಾಡತೊಡಗಿತ್ತು.

"ಬಂದ ದಿನ ಹೇಳ್ತೀನಿ ಸಾರ್."